ಬೂದಿ ಬೀದಿಯವರ ಎಡಗೈ

ಬೂದಿ ಬೀದಿಯ ಹೆಂಗಸರನ್ನು ಊರಿನಲ್ಲಿ ಎಲ್ಲಿ ಕಂಡರೂ ಗುರುತು ಹಿಡಿಯಬಹುದಾಗಿತ್ತು. ಅಂಗಡಿಯ ಮುಂದೆ ಸಾಮಾನು ಕಟ್ಟಿಸಿಕೊಳ್ಳುವಾಗ, ಆಸ್ಪತ್ರೆಯ ಸಾಲಿನಲ್ಲಿ ಕಾಯುವಾಗ, ಯಾರೊಡನೆಯೋ ಮಾತಿಗೆ ನಿಂತಾಗ ಅವರ ಎಡಗೈ ತಾನಾಗಿಯೇ ಎದ್ದು ತಲೆಯ ಪಕ್ಕಕ್ಕೆ ಹೋಗುತ್ತಿತ್ತು. ಅಲ್ಲಿ ಬುಟ್ಟಿಯೇನೂ ಇರುತ್ತಿರಲಿಲ್ಲ. ಇಲ್ಲದ ಬುಟ್ಟಿಯ ಅಂಚನ್ನು ಹಿಡಿದಂತೆ ಬೆರಳುಗಳು ಗಾಳಿಯಲ್ಲಿ ಒಂದಷ್ಟು ಹೊತ್ತು ಮಡಚಿಕೊಂಡಿದ್ದು, ಮತ್ತೆ ನೆನಪು ಬಂದಂತೆ ಕೆಳಗಿಳಿಯುತ್ತಿದ್ದವು.

ಊರಾಚೆ ಇದ್ದ ವಿದ್ಯುತ್ ಸ್ಥಾವರವನ್ನು ಎಲ್ಲರೂ ಕರೆಂಟ್ ಫ್ಯಾಕ್ಟರಿ ಎನ್ನುತ್ತಿದ್ದರು. ಅದು ಕಲ್ಲಿದ್ದಲು ತಿಂದು ಬೂದಿ ಉಗುಳುತ್ತಿತ್ತು. ಆ ಬೂದಿಯನ್ನು ಬುಟ್ಟಿಗೆ ತುಂಬಿ, ತಲೆಗೆ ಬಟ್ಟೆ ಸುತ್ತಿದ ಸಿಂಬಿ ಇಟ್ಟು, ಇಳಿಜಾರಾಗಿ ಒರಗಿಸಿದ ಹಲಗೆಯ ಮೇಲೆ ನಡೆದು ಲಾರಿಗೆ ಸುರಿಯುವುದು ಬೀದಿಯ ಹೆಂಗಸರ ಕೆಲಸ. ಎಡಗೈ ಬುಟ್ಟಿಗೆ, ಬಲಗೈ ತೂಕ ಸರಿದೂಗಿಸುವುದಕ್ಕೆ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು ಅದೊಂದೇ ವಿದ್ಯೆ.

ನಗರಸಭೆಯ ತರಬೇತಿ ವಿಭಾಗದ ಅಧಿಕಾರಿ ಹುಟ್ಟಿ ಬೆಳೆದದ್ದು ಅದೇ ಬೀದಿಯಲ್ಲಿ. ಬೀದಿಯವರು ಆಕೆಯನ್ನು ಆಫೀಸರಮ್ಮ ಎಂದು ಕರೆಯತೊಡಗಿದ್ದು ಕೆಲಸಕ್ಕೆ ಸೇರಿದ ಮೇಲಲ್ಲ. ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗಲೇ ಯಾರ ಮನೆಗೆ ಯಾವ ಕಾಗದ ಬಂದರೂ ಓದಿ ಹೇಳುವವಳು ಆಕೆ. ಓದುವಾಗ ಹುಬ್ಬು ಗಂಟಿಕ್ಕಿ ದನಿ ಏರಿಸುತ್ತಿದ್ದಳಂತೆ. ಹೆಸರು ಆಗ ಅಂಟಿದ್ದು, ಕೆಲಸ ಆಮೇಲೆ ಬಂದು ಹೆಸರಿಗೆ ಹೊಂದಿಕೊಂಡಿತು.

ಆ ಓದಿನ ಹಿಂದೆ ಇದ್ದವಳು ಅಕ್ಕ. ತಂದೆ ಮೊದಲೇ ಇರಲಿಲ್ಲ. ತಾಯಿ ತೀರಿಕೊಂಡಾಗ ಮನೆಯಲ್ಲಿ ಉಳಿದವರು ಇಬ್ಬರು ಹೆಣ್ಣುಮಕ್ಕಳು, ಗೋಡೆಗೆ ಒರಗಿಸಿದ ಒಂದು ಬುಟ್ಟಿ. ಮಾರನೆಯ ವಾರ ಅಕ್ಕ ಬುಟ್ಟಿಯನ್ನು ಎತ್ತಿಕೊಂಡಳು. ಚರ್ಚೆಯೇನೂ ನಡೆಯಲಿಲ್ಲ. ನಾನೂ ಬರುತ್ತೇನೆ ಎಂದು ತಂಗಿ ಹಟ ಹಿಡಿದಾಗ, “ಇಬ್ಬರೂ ಹೊತ್ತರೆ ಇಬ್ಬರ ಕುತ್ತಿಗೇನೂ ಗಿಡ್ಡ ಆಗ್ತದೆ ಮರಿ. ಒಬ್ಬಳದಾದ್ರೂ ಉದ್ದ ಇರಲಿ,” ಎಂದಳು.

ಸಂಜೆ ಅಕ್ಕ ನಲ್ಲಿಯ ಕೆಳಗೆ ತಲೆ ಬಗ್ಗಿಸಿ ಕೂದಲು ತೊಳೆಯುತ್ತಿದ್ದಳು. ನೀರು ಬೂದುಬಣ್ಣಕ್ಕೆ ತಿರುಗಿ ಚರಂಡಿ ಸೇರುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ಕುಳಿತು ತಂಗಿ ಆ ದಿನದ ಪಾಠವನ್ನು ಗಟ್ಟಿಯಾಗಿ ಓದಬೇಕು. ಅದು ಅಕ್ಕನ ಕಟ್ಟಪ್ಪಣೆ. ಸೂರ್ಯನ ಬೆಳಕು ಅದೆಷ್ಟೋ ದೂರದಿಂದ ಭೂಮಿಗೆ ಬರುತ್ತದೆ ಎಂದು ಓದಿದ ದಿನ ಅಕ್ಕ ಸೋಪಿನ ನೊರೆಯ ನಡುವಿನಿಂದಲೇ, “ಅಷ್ಟು ದೂರದಿಂದ ಬಂದವನಿಗೆ ಕೂಲಿ ಯಾರು ಕೊಡ್ತಾರೆ?” ಎಂದು ಕೇಳಿದ್ದಳು. ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ವರ್ಷಗಳು ಉರುಳಿದವು. ಅಕ್ಕ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಅದೇ ಬೀದಿಯ ಅದೇ ಮನೆಯಲ್ಲಿ ಉಳಿದಳು. ತಂಗಿ ಆಫೀಸಿನ ಕುರ್ಚಿಗೆ ಬಂದಳು. ಆಮೇಲೆ ಒಂದು ದಿನ ಕರೆಂಟ್ ಫ್ಯಾಕ್ಟರಿಯ ಚಿಮಣಿಯಲ್ಲಿ ಹೊಗೆ ನಿಂತಿತು. ಕಲ್ಲಿದ್ದಲಿನ ಕಾಲ ಮುಗಿಯಿತು, ಇನ್ನು ಮೇಲೆ ಬಿಸಿಲಿನಿಂದ ಕರೆಂಟು ಎಂದು ದೊಡ್ಡವರು ಹೇಳಿದರು. ಗಾಳಿ ಚೊಕ್ಕಟವಾಯಿತು; ಅದರ ಮೇಲೆ ಯಾರ ದೂರೂ ಇರಲಿಲ್ಲ. ಆದರೆ ಬೂದಿ ಬೀದಿಯ ಒಲೆಗಳು ತಣ್ಣಗಾಗತೊಡಗಿದವು.

ನಗರಸಭೆ ತನ್ನ ಶಾಲೆ, ಆಸ್ಪತ್ರೆ, ಕಚೇರಿಗಳ ಚಾವಣಿಯ ಮೇಲೆಲ್ಲ ಸೋಲಾರ್ ಫಲಕ ಹಾಕಿಸಲು ಹೊರಟಿತು. ಅವನ್ನು ಕೂರಿಸಿ ನೋಡಿಕೊಳ್ಳುವವರನ್ನು ತಾನೇ ತರಬೇತಿ ಕೊಟ್ಟು ತಯಾರು ಮಾಡಬೇಕಿತ್ತು. ಎಲ್ಲ ಸೀಟುಗಳೂ ತಾಂತ್ರಿಕ ಶಾಲೆಯಲ್ಲಿ ಓದಿದವರಿಗೆ ಎಂದು ಮೊದಲು ಮಾತಾಗಿತ್ತು. ಆಫೀಸರಮ್ಮ ಒಪ್ಪಲಿಲ್ಲ. ಬೂದಿ ಹೊತ್ತವರ ಅನ್ನ ಹೋಗಿರುವುದೇ ಈ ಬದಲಾವಣೆಯಿಂದ, ಅರ್ಧ ಸೀಟು ಅವರಿಗೆ ಸಲ್ಲಬೇಕು ಎಂದು ಸಭೆಯಿಂದ ಸಭೆಗೆ ಹೋಗಿ ವಾದಿಸಿದಳು. ಕೊನೆಗೆ ನಗರಸಭೆಯ ಅಧ್ಯಕ್ಷರು ಸೋತು ನಕ್ಕರು.

“ಆಯ್ತಮ್ಮ, ತಗೊಳ್ಳಿ ಅರ್ಧ. ಆದ್ರೆ ಪರೀಕ್ಷೆ ಎಲ್ರಿಗೂ ಒಂದೇ. ಪಾಸಾಗದಿದ್ರೆ ಆ ಸೀಟು ತಾಂತ್ರಿಕ ಶಾಲೆಯವರಿಗೆ. ಆಮೇಲೆ ಅವರು ಬಡವರು, ಇವರು ನಮ್ಮವರು ಅಂತ ಶಿಫಾರಸು ತರಬಾರದು.”

“ಯಾರಿಗೂ ತರಲ್ಲ ಸಾರ್. ಕೌನ್ಸಿಲರ್ ಅಳಿಯನಿಗೂ ಇಲ್ಲ, ನನ್ನ ಕಡೆಯವರಿಗೂ ಇಲ್ಲ.”

“ನಿಮ್ಮ ಅಕ್ಕನೇ ಬಂದ್ರೂ?”

“ನಮ್ಮಕ್ಕನೇ ಬಂದ್ರೂ.”

ಹಾಗೆ ಹೇಳಿದಾಗ ಆಕೆಗೆ ಒಳಗೊಳಗೇ ಹೆಮ್ಮೆಯಾಗಿತ್ತು. ನಲವತ್ತೈದು ದಾಟಿದವರಿಗೆ ಅವಕಾಶವಿಲ್ಲ ಎಂಬ ನಿಯಮವನ್ನೂ ಆಕೆಯೇ ಬರೆದಿದ್ದಳು. ಚಾವಣಿ ಹತ್ತುವ ಕೆಲಸ, ಮೂಳೆ ಗಟ್ಟಿ ಇರಬೇಕು ಎಂದು. ಅಕ್ಕನಿಗೆ ಆ ವರ್ಷವೇ ನಲವತ್ತೈದು ತುಂಬುವುದರಲ್ಲಿತ್ತು. ಅರ್ಜಿ ಕೊಡುವ ಕೊನೆಯ ದಿನ ಅಕ್ಕ ಬಂದು ಸಾಲಿನಲ್ಲಿ ನಿಂತಳು, ತಂಗಿಯ ಮೇಜಿನ ಮುಂದೆ, ಯಾರೋ ಎಂಬಂತೆ.

“ಮೇಡಂ, ನಂದೂ ಒಂದು,” ಎಂದಳು ಅಕ್ಕ, ತುಟಿಯಂಚಿನಲ್ಲಿ ನಗು ಅದುಮಿಕೊಂಡು.

ಹಿಂದೆ ಹೊಲಿಗೆ ತರಗತಿ ನಡೆಯುತ್ತಿದ್ದ ಹಳೆಯ ಹಾಲಿನಲ್ಲಿ ತರಬೇತಿ ಶುರುವಾಯಿತು. ಕಲಿಸುವವರು ನಗರಸಭೆಯ ನಿವೃತ್ತ ವಿದ್ಯುತ್ ಕೆಲಸಗಾರರೊಬ್ಬರು. ಎಲ್ಲರ ಬಾಯಲ್ಲಿ ವೈರ್ ಮೇಷ್ಟ್ರು. ಬೂದಿ ಬೀದಿಯವರು ಒಂದು ಬದಿ, ತಾಂತ್ರಿಕ ಶಾಲೆಯವರು ಇನ್ನೊಂದು ಬದಿ ಕುಳಿತರು. ಬೀದಿಯವರಲ್ಲಿ ಒಬ್ಬಳಿಗೆ ರೇಡಿಯೊ ಎಂದು ಅಡ್ಡಹೆಸರು. ಬೆಳಿಗ್ಗೆ ಹಚ್ಚಿದರೆ ಮಲಗುವವರೆಗೆ ನಿಲ್ಲದ ಬಾಯಿ. ಕೆಂಪು ತಂತಿ ಯಾವುದು, ಕಪ್ಪು ಯಾವುದು ಎಂದು ಮೇಷ್ಟ್ರು ಕೇಳಿದರೆ, “ನಮಗೆ ಇಷ್ಟು ವರ್ಷ ಎಲ್ಲಾ ಬಣ್ಣಾನೂ ಬೂದೀನೇ ಮೇಷ್ಟ್ರೇ, ನಿಧಾನಕ್ಕೆ ಹೇಳಿ,” ಎನ್ನುವಳು. ಹಾಲಿಗೆ ಹಾಲೇ ನಗುತ್ತಿತ್ತು.

ಅಕ್ಕ ಹೆಚ್ಚು ಮಾತನಾಡುತ್ತಿರಲಿಲ್ಲ. ತಿರುಪು ಬಿಗಿಯುವಾಗ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಮೊದಲ ತರಗತಿಯ ಮಗುವಿನಂತೆ ಕುಳಿತಿರುತ್ತಿದ್ದಳು. ಬಿಸಿಲು ಫಲಕಕ್ಕೆ ಬಿದ್ದು ಪುಟ್ಟ ಬಲ್ಬು ಹೊತ್ತಿಕೊಂಡ ದಿನ ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ತಿರುಗಿ ನೋಡಿದಳು. ಇಬ್ಬರಿಗೂ ನಲ್ಲಿಯ ಕಲ್ಲು ನೆನಪಾಗಿರಬೇಕು.

ಒಂದು ಮಧ್ಯಾಹ್ನ ವೈರ್ ಮೇಷ್ಟ್ರು ಆಫೀಸರಮ್ಮನ ಕೋಣೆಗೆ ಬಂದರು. “ಪರೀಕ್ಷೇಲಿ ಏಣಿ ಹತ್ತೋದು ಇದೆಯಲ್ಲಮ್ಮ. ನಮ್ಮ ಹಾಲಿಗೆ ಮೆಟ್ಟಿಲಿದೆ, ಏಣಿ ಇಲ್ಲ. ಇರೋ ಉದ್ದದ ಏಣಿ ಬೀದಿದೀಪದವರ ಹತ್ರ. ಅದನ್ನ ಅಭ್ಯಾಸಕ್ಕೆ ಕೊಡಿಸ್ತೀರಾ?”

ಬೀದಿದೀಪ ವಿಭಾಗದವರಿಂದ ಏಣಿ ಬಿಡಿಸಿಕೊಳ್ಳುವುದೆಂದರೆ ಹುಲಿಯ ಬಾಯಿಂದ ಮೂಳೆ ಕಿತ್ತುಕೊಂಡ ಹಾಗೆ. ಆಕೆ ನಕ್ಕಳು. “ಮೇಷ್ಟ್ರೇ, ತಾಂತ್ರಿಕ ಶಾಲೆಯವರು ಅಲ್ಲೇ ಕಲಿತು ಬಂದಿದ್ದಾರೆ. ಇನ್ನು ಬೂದಿ ಬೀದಿಯವರಿಗೆ ಹತ್ತೋದು ಬೇರೆ ಕಲಿಸಬೇಕಾ? ಹುಟ್ಟಿದಾಗಿಂದ ಅದನ್ನೇ ಮಾಡಿದ್ದಾರೆ.”

ತನ್ನವರ ಮೇಲಿನ ಅಭಿಮಾನ ಅದು. ಬೇರೆ ಊರಿನ ಅಧಿಕಾರಿಯಾಗಿದ್ದರೆ ಈ ಹೆಂಗಸರು ಹತ್ತಬಲ್ಲರೇ ಎಂದು ಅನುಮಾನಪಟ್ಟು, ಒಂದು ಏಣಿ ತರಿಸುತ್ತಿದ್ದರು. ಆಕೆಗೆ ಅನುಮಾನವೇ ಬರಲಿಲ್ಲ.

ಪರೀಕ್ಷೆಯ ದಿನ ನಗರಸಭೆಯ ಅಂಗಳದಲ್ಲಿ ಏಣಿ ನಿಂತಿತು. ಹೊರಗಿನಿಂದ ಬಂದ ಪರೀಕ್ಷಕರು ನಿಯಮ ಹೇಳಿದರು: ಎರಡು ಕೈ, ಎರಡು ಕಾಲುಗಳಲ್ಲಿ ಯಾವ ಗಳಿಗೆಯಲ್ಲೂ ಮೂರು ಏಣಿಗೆ ಅಂಟಿಕೊಂಡಿರಬೇಕು. ತಾಂತ್ರಿಕ ಶಾಲೆಯವರು ಓತಿಕ್ಯಾತನ ಹಾಗೆ ಏಣಿಗೆ ಕಚ್ಚಿಕೊಂಡು ಹತ್ತಿ ಇಳಿದರು. ಆಮೇಲೆ ಬೀದಿಯವರ ಸರದಿ.

ಮೊದಲು ಹೋದವಳು ರೇಡಿಯೊ. ಕೆಳಗಿನ ಮೆಟ್ಟಿಲುಗಳನ್ನು ಎರಡೂ ಕೈಯಲ್ಲಿ ಹಿಡಿದೇ ಹತ್ತಿದಳು. ಅರ್ಧಕ್ಕೆ ಬಂದು ಕಾಲಿಗೆ ಲಯ ಸಿಕ್ಕಿದ್ದೇ ತಡ, ಎಡಗೈ ಏಣಿಯನ್ನು ಬಿಟ್ಟು ತಲೆಗೆ ಹೋಯಿತು. ಬಲಗೈ ಪಕ್ಕಕ್ಕೆ ಚಾಚಿತು. ಬೆನ್ನು ನೆಟ್ಟಗಾಯಿತು. ಹಲಗೆಯ ಮೇಲೆ ನಡೆಯುವವಳಂತೆ ಎರಡು ಮೆಟ್ಟಿಲು ಬರಿಯ ಕಾಲಿನ ಬಲದಿಂದಲೇ ಏರಿಬಿಟ್ಟಳು. ಕೆಳಗಿದ್ದವರು ಉಸಿರು ಹಿಡಿದರು.

“ಇಳೀರಿ,” ಎಂದರು ಪರೀಕ್ಷಕರು.

“ಕೈ ತಾನಾಗೇ ಹೋಯ್ತು ಸಾರ್. ನಾನು ಕಳಿಸಲಿಲ್ಲ,” ಎಂದಳು ರೇಡಿಯೊ. ಆ ದಿನ ಅವಳು ಆಡಿದ ಮಾತು ಅದೊಂದೇ.

ಒಬ್ಬೊಬ್ಬರದೂ ಅದೇ ಕಥೆ. ಮನಸ್ಸು ಬಿಗಿಹಿಡಿದು ಹತ್ತಿದವರು ಇಳಿಯುವಾಗ ಮರೆತರು. ಕೊನೆಗೆ ಅಕ್ಕ. ಎಲ್ಲರನ್ನೂ ನೋಡಿ ಎಚ್ಚರ ತಂದುಕೊಂಡಿದ್ದ ಅವಳು ತುದಿಯವರೆಗೂ ಹಿಡಿತ ಬಿಡಲಿಲ್ಲ. ಆಫೀಸರಮ್ಮ ಜಗಲಿಯ ಕಂಬದ ಮರೆಯಲ್ಲಿ ನಿಂತು ತನ್ನ ಸೆರಗನ್ನು ಹಿಂಡುತ್ತಿದ್ದಳು. ತುದಿ ಮುಟ್ಟಿದ ಅಕ್ಕ ಒಮ್ಮೆ ಸುತ್ತ ನೋಡಿದಳು. ಅಲ್ಲಿಂದ ಊರಿನ ಚಾವಣಿಗಳೆಲ್ಲ ಕಾಣುತ್ತಿದ್ದವೇನೋ. ಅವಳ ಮುಖ ಅರಳಿತು, ಮೈ ಸಡಿಲಾಯಿತು, ಎಡಗೈ ಮೆಲ್ಲಗೆ ಎದ್ದು ತಲೆಯ ಪಕ್ಕದಲ್ಲಿ ಮಡಚಿಕೊಂಡಿತು.

ಪರೀಕ್ಷಕರು ಕೆಟ್ಟವರಲ್ಲ. ಹೋಗುವ ಮುನ್ನ ಆಫೀಸರಮ್ಮನನ್ನು ಪಕ್ಕಕ್ಕೆ ಕರೆದು, “ಇವತ್ತು ಯಾರೂ ಬೀಳಲಿಲ್ಲ, ನಿಜ. ಆದ್ರೆ ಕೈಯಲ್ಲಿ ಸಾಮಾನು ಇರೋ ದಿನ ಬೀಳ್ತಾರೆ. ಇವತ್ತು ನಾನು ಸಹಿ ಹಾಕಿದ್ರೆ, ಆ ದಿನ ನಾನೇ ತಳ್ಳಿದ ಹಾಗೆ. ಅಭ್ಯಾಸ ಮಾಡಿಸಿ ಮತ್ತೆ ಕರೆದ್ರೆ ಬರ್ತೀನಿ. ಆದ್ರೆ ಅದನ್ನ ನಿಮ್ಮ ಸಭೆ ಕೇಳಬೇಕು,” ಎಂದರು.

ಸಭೆ ಮರುದಿನವೇ ಇತ್ತು. ಖಾಲಿಯಾದ ಸೀಟುಗಳನ್ನು ಯಾರಿಗೆ ಕೊಡುವುದೆಂದು ಅಲ್ಲಿ ತೀರ್ಮಾನವಾಗಬೇಕಿತ್ತು. ವೈರ್ ಮೇಷ್ಟ್ರು ಆಕೆಯ ಕೋಣೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತರು.

“ಕೇಳ್ತೀರಲ್ಲ ನಾಳೆ?”

ಆಕೆ ಕಿಟಕಿಯಾಚೆ ನೋಡಿದಳು. ಬೀದಿದೀಪದವರು ಏಣಿಯನ್ನು ಹೊತ್ತುಕೊಂಡು ಹೋಗುತ್ತಿದ್ದರು.

“ಆ ಫೇಲಾದವರಲ್ಲಿ ನಮ್ಮಕ್ಕ ಇದ್ದಾಳೆ ಮೇಷ್ಟ್ರೇ. ಶಿಫಾರಸು ತರಲ್ಲ ಅಂತ ಸಭೇಲಿ ಹೇಳಿದವಳು ನಾನು. ಈಗ ಯಾವ ಬಾಯಲ್ಲಿ ಕೇಳಲಿ?”

“ಉಳಿದವರೂ ಇದ್ದಾರಲ್ಲಮ್ಮ.”

“ಅವರು ಯಾರಿಗೂ ಕಾಣಲ್ಲ. ಅಕ್ಕ ಒಬ್ಬಳೇ ಕಾಣೋದು.”

ಮೇಷ್ಟ್ರು ಎದ್ದು ಹೋದರು.

ಸಂಜೆ ಆಕೆಯ ಕಾಲು ತಾನಾಗಿಯೇ ಬೂದಿ ಬೀದಿಯತ್ತ ತಿರುಗಿತು. ಒಂದೇ ಕೋಣೆಯ ಮನೆ; ಬಾಗಿಲ ಬಳಿ ಹಳೆಯ ಬುಟ್ಟಿಯಲ್ಲಿ ಈಗ ಈರುಳ್ಳಿ. ಅಕ್ಕ ತರಬೇತಿಯಲ್ಲಿ ಕೊಟ್ಟಿದ್ದ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸುತ್ತ ಕುಳಿತಿದ್ದಳು.

“ಬಾ. ಊಟ ಮಾಡಿಲ್ಲ ಅಂತ ಮುಖಾನೇ ಹೇಳ್ತಿದೆ. ಫೇಲಾದವಳು ನಾನು, ಸೊಟ್ಟ ಮುಖ ನಿಂದಾ?”

ತಂಗಿ ಚಾಪೆಯ ಮೇಲೆ ಕುಳಿತಳು. ತಟ್ಟೆ ಬಂತು.

“ಮೇಷ್ಟ್ರು ಬಂದಿದ್ರು,” ಎಂದಳು ಅಕ್ಕ. “ಇನ್ನೊಂದು ಸಲ ಪರೀಕ್ಷೆ ಇಡಿಸಬಹುದಂತೆ. ನೀನು ಕೇಳಲ್ಲ ಅಂದ್ಯಂತೆ.”

“ಕೇಳಿದ್ರೆ ಅಕ್ಕನಿಗೋಸ್ಕರ ಕೇಳಿದ್ಲು ಅಂತಾರೆ. ಇವತ್ತು ಈ ಸೀಟು ಹೋಗೋದಿರಲಿ, ಇನ್ನು ಮುಂದೆ ನಮ್ಮ ಬೀದಿಗೆ ಅಂತ ಏನು ಕೇಳಿದ್ರೂ ಅದನ್ನೇ ಎತ್ತಿ ಆಡ್ತಾರೆ.”

“ಕೇಳದೇ ಇದ್ರೆ?”

ತಂಗಿ ತುತ್ತನ್ನು ತಟ್ಟೆಯಲ್ಲೇ ಹೊರಳಿಸಿದಳು.

“ಕೇಳದೇ ಇದ್ರೂ ಸೀಟು ಹೋಗ್ತದೆ,” ಎಂದು ಅಕ್ಕನೇ ಮುಗಿಸಿದಳು. “ನಿನ್ನ ಹೆಸರು ಮಾತ್ರ ಉಳೀತದೆ.”

ಬಿರುಸಾಗಿ ಆಡಿದ ಮಾತಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಆಡಿದ್ದಳು. ಅದಕ್ಕೇ ಅದು ಹೆಚ್ಚು ನಾಟಿತು.

“ಏಣಿ ತರಿಸದೇ ಇದ್ದದ್ದು ನಾನಕ್ಕ. ಮೇಷ್ಟ್ರು ಹೇಳಿದ್ರು, ನಾನು ನಕ್ಕುಬಿಟ್ಟೆ.”

“ಗೊತ್ತು. ರೇಡಿಯೊಗೆ ಗೊತ್ತಾದದ್ದು ಬೀದಿಗೆಲ್ಲ ಗೊತ್ತು. ನಾವೂ ನಕ್ಕಿದ್ವಿ. ನಮ್ಮ ಕೈ ಹಿಂಗೆ ಕೈಕೊಡ್ತದೆ ಅಂತ ನಮಗೇ ಗೊತ್ತಿರಲಿಲ್ಲ.” ಅಕ್ಕ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಸುತ್ತಿ, ತಂಗಿಯ ಮುಂದೆ ಇಟ್ಟಳು. “ನನ್ನ ಹೆಸರು ತೆಗಿ. ನಾನಾಗೇ ಬಿಟ್ಟೆ ಅಂತ ಹೇಳು. ಆಮೇಲೆ ಉಳಿದವರಿಗೋಸ್ಕರ ಕೇಳು. ನಿನ್ನ ಬಾಯಿ ಆಗ ಜೋರಾಗಿ ಏಳ್ತದೆ.”

“ಬೇಡ ಅಕ್ಕ. ಮುಂದಿನ ವರ್ಷ ನಿನಗೆ…”

“ಮುಂದಿನ ವರ್ಷ ನಿನ್ನ ರೂಲ್ಸಿಗೆ ನಾನು ಮುದುಕಿ ಮರಿ.”

“ಅದನ್ನ ಬದಲಾಯಿಸ್ತೀನಿ.”

“ಬದಲಾಯಿಸಿದ್ರೆ ಅದೂ ಅಕ್ಕನಿಗೋಸ್ಕರವೇ ಆಗ್ತದಲ್ಲ.” ಅಕ್ಕ ನಕ್ಕಳು. ಆಮೇಲೆ ನಗು ಎಲ್ಲಿಯೋ ಇಳಿದುಹೋಯಿತು. “ಒಂದೇ ಒಂದು ಆಸೆ ಇತ್ತು. ಇಷ್ಟು ವರ್ಷ ಮೇಲೆ ಹೊತ್ತು ಹಾಕಿದ್ದೆಲ್ಲ ಲಾರೀಲಿ ಹೋಯ್ತು. ಒಂದು ಬುಟ್ಟಿನಾದ್ರೂ ಎಲ್ಲಿ ಹೋಯ್ತು ಅಂತ ಗೊತ್ತಿಲ್ಲ. ಒಂದು ಸಲ ಮೇಲೆ ಹತ್ತಿ, ಅಲ್ಲೇ ಉಳಿಯೋ ಅಂಥದ್ದು ಏನಾದ್ರೂ ಇಟ್ಟು ಬರೋಣ ಅಂತಿತ್ತು. ಇರಲಿ ಬಿಡು. ಅನ್ನ ಆರ್ತಿದೆ.”

ತಂಗಿ ಬೇಡ, ಬೇಡ ಎಂದು ಮತ್ತೆ ಮತ್ತೆ ಹೇಳಿದಳು. ಕಣ್ಣಲ್ಲಿ ನೀರೂ ಬಂತು. ಆದರೆ ಮನೆಗೆ ಹಿಂತಿರುಗುವ ದಾರಿಯಲ್ಲಿ ಆಕೆಗೆ ಒಂದು ವಿಷಯ ಅರಿವಾಗಿ ಹೆಜ್ಜೆ ನಿಂತಿತು. ಹೆಸರು ತೆಗಿ ಎಂಬ ಮಾತು ಅಕ್ಕನ ಬಾಯಿಂದ ಬಂದ ಗಳಿಗೆಯಲ್ಲಿ ತನ್ನ ಎದೆಯ ಭಾರ ಇಳಿದಿತ್ತು. ಬೇಡ ಎಂದದ್ದು ಅದರ ನಂತರ. ಬುಟ್ಟಿಯನ್ನು ಅಕ್ಕ ಎತ್ತಿಕೊಂಡ ಆ ಹಳೆಯ ಬೆಳಿಗ್ಗೆಯೂ ಹೀಗೆಯೇ ಆಗಿತ್ತೇ, ಹಟ ಹಿಡಿದದ್ದು ಬರಿಯ ಬಾಯಿಮಾತಾಗಿತ್ತೇ ಎಂದು ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಮರುದಿನ ಸಭೆಯಲ್ಲಿ ಆಕೆ ಎದ್ದು ನಿಂತಳು. ಅಭ್ಯಾಸಕ್ಕೆ ಏಣಿ ಬೇಕೆಂದು ಮೇಷ್ಟ್ರು ಕೇಳಿದ್ದರು, ನಾನು ತರಿಸಲಿಲ್ಲ, ತಪ್ಪು ನನ್ನದು ಎಂದಳು. ಒಂದು ಕಡೆಯವರಿಗೆ ಏಣಿಯಲ್ಲಿ ಕಲಿಸಿ, ಇನ್ನೊಂದು ಕಡೆಯವರಿಗೆ ಏಣಿ ತೋರಿಸದೆ, ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ ಎಂದರೆ ಅದು ನ್ಯಾಯವಾಗುವುದಿಲ್ಲ ಎಂದಳು. ಒಂದು ತಿಂಗಳು ಕೊಡಿ ಎಂದು ಕೇಳಿದಳು.

ಅಧ್ಯಕ್ಷರು ಕನ್ನಡಕ ತೆಗೆದರು. “ನಿಮ್ಮ ಅಕ್ಕನೂ ಇದ್ದಾರಲ್ಲ ಅದರಲ್ಲಿ?”

“ಇಲ್ಲ ಸಾರ್. ಅವರಾಗೇ ಬಿಟ್ಟಿದ್ದಾರೆ.”

ಸಭೆಯಲ್ಲಿ ಮೆಚ್ಚುಗೆಯ ಗುಸುಗುಸು ಹಬ್ಬಿತು. ಯಾರೂ ವಿರೋಧಿಸಲಿಲ್ಲ. “ಇಂಥ ಅಧಿಕಾರಿ ಬೇಕು ನಮಗೆ. ಸ್ವಂತ ಅಕ್ಕನಿಗೂ ಬಗ್ಗಲಿಲ್ಲ,” ಎಂದರು ಅಧ್ಯಕ್ಷರು. ಆಕೆ ಕೈಮುಗಿದು ಕುಳಿತಳು. ಆಮೇಲೆ ಏನು ಮಾತಾಯಿತೆಂದು ಆಕೆಯ ಕಿವಿಗೆ ಬೀಳಲಿಲ್ಲ.

ಏಣಿ ಹಾಲಿನ ಅಂಗಳಕ್ಕೆ ಬಂತು. ಬೀದಿಯವರು ದಿನವೂ ಹತ್ತಿ ಇಳಿದರು. ಕೈ ಬಿಟ್ಟರೆ ಮತ್ತೆ ಮೊದಲ ಮೆಟ್ಟಿಲಿನಿಂದ. ಅಕ್ಕ ಹೊಸ ಕೆಲಸಕ್ಕೆ ಸೇರಿದ್ದಳು, ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ. ಕೆಲಸ ಮುಗಿಸಿ ನೇರ ಅಂಗಳಕ್ಕೆ ಬಂದು ಏಣಿಯ ಬುಡದಲ್ಲಿ ನಿಲ್ಲುವಳು. ಮೇಲಿನವರ ಎಡಗೈ ಮಿಸುಕಿದರೆ ಸಾಕು, “ಕೈ” ಎನ್ನುವಳು. ಅಷ್ಟೇ ಮಾತು.

“ನಮ್ಮ ಅತ್ತೆ ಸತ್ತು ಇವಳ ಮೈಮೇಲೆ ಬಂದಿದ್ದಾಳೆ,” ಎಂದು ಮೇಲಿನಿಂದ ರೇಡಿಯೊ.

“ಬಾಯಿ ಹಿಡಿದು ಹತ್ತು ಅಂತ ರೂಲ್ಸ್ ಇಲ್ಲ, ಅದಕ್ಕೆ ನೀನು ಬದುಕಿದೆ. ಕೈ ಹಿಡಿ,” ಎಂದು ಕೆಳಗಿನಿಂದ ಅಕ್ಕ.

ತಿಂಗಳು ಮುಗಿದಾಗ ಪರೀಕ್ಷಕರು ಮತ್ತೆ ಬಂದರು. ಒಬ್ಬಿಬ್ಬರನ್ನು ಬಿಟ್ಟು ಎಲ್ಲರೂ ಪಾಸಾದರು. ವಯಸ್ಸಿನ ನಿಯಮವನ್ನು ಸಡಿಲಿಸಬೇಕೆಂದು ಆಫೀಸರಮ್ಮ ಬರೆದು ಕೊಟ್ಟಳು. ಬರುವ ವರ್ಷ ನೋಡೋಣ ಎಂದು ಉತ್ತರ ಬಂತು. ಉತ್ತರ ಕೊಟ್ಟವರು ಅರ್ಥಗರ್ಭಿತವಾಗಿ ನಕ್ಕಿದ್ದರು.

ಮೊದಲ ಫಲಕಗಳು ಏರಿದ್ದು ನಗರಸಭೆಯ ಹಳೆಯ ಶಾಲೆಯ ಚಾವಣಿಗೆ. ತಂಗಿ ಓದಿದ ಶಾಲೆ, ಅಕ್ಕ ಅರ್ಧಕ್ಕೆ ಬಿಟ್ಟ ಶಾಲೆ. ರಜೆಯ ದಿನವಾದ್ದರಿಂದ ಅಂಗಳ ಖಾಲಿಯಿತ್ತು. ಆಫೀಸರಮ್ಮ ಏಣಿ ಹತ್ತಿ ಮೇಲೆ ಹೋಗಿ ಸಾಲಾಗಿ ಕುಳಿತ ಫಲಕಗಳನ್ನು ನೋಡಿದಳು. ರೇಡಿಯೊ ಕೊನೆಯ ತಿರುಪು ಬಿಗಿದು, ತನ್ನ ಸೆರಗಿನಿಂದ ಗಾಜನ್ನು ಒರೆಸಿದಳು. “ಇದು ಎಲ್ಲೂ ಹೋಗಲ್ಲ ಅಲ್ವಾ ಮೇಡಂ? ಇಲ್ಲೇ ಇರ್ತದಲ್ವಾ?” ಎಂದಳು.

“ಇಲ್ಲೇ ಇರ್ತದೆ.”

ಆಕೆ ಚಾವಣಿಯ ಅಂಚಿಗೆ ಬಂದು ಕೆಳಗೆ ನೋಡಿದಳು. ಏಣಿಯ ಬುಡದಲ್ಲಿ ಅಕ್ಕ ನಿಂತಿದ್ದಳು. ಪಾಸಾದವರನ್ನೂ ಅಧಿಕಾರಿಗಳನ್ನೂ ಬಿಟ್ಟು ಬೇರೆಯವರು ಮೇಲೆ ಬರುವಂತಿರಲಿಲ್ಲ, ಅದೂ ನಿಯಮವೇ. ಶಾಲೆಯ ಕಾವಲುಗಾರ ಏನೋ ಕೇಳುತ್ತಿದ್ದ, ಅಕ್ಕ ಉತ್ತರಿಸುತ್ತಿದ್ದಳು. ತಂಗಿ ಕಾದು ನೋಡಿದಳು. ಮಾತು ನಡೆದೇ ಇತ್ತು. ಅಕ್ಕನ ಎಡಗೈ ಏಳಲಿಲ್ಲ. ಎರಡೂ ಕೈ ಏಣಿಯ ಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಇತರರಿಗೆ ಕೈ, ಕೈ ಎಂದು ಕೂಗಿ ಕೂಗಿ ಅವಳ ಕೈಯೂ ಪಾಠ ಕಲಿತಿತ್ತು.

ಅಕ್ಕನಿಗೆ ಅದು ಗೊತ್ತಿತ್ತೋ ಇಲ್ಲವೋ. ತಲೆಯೆತ್ತಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ, “ಏನು ಹಂಗೆ ನಿಂತಿದ್ದೀಯ ಮರಿ? ಇಳಿ. ಬೀದಿದೀಪದವರು ಏಣಿ ಕೇಳ್ತಿದ್ದಾರೆ,” ಎಂದಳು.

ತಂಗಿ ಏಣಿಯತ್ತ ಮುಖ ಮಾಡಿ ಇಳಿಯತೊಡಗಿದಳು. ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡಕಿ ತಡಕಿ ಹುಡುಕಬೇಕಾಯಿತು. ಕೆಳಗೆ ಏಣಿ ಮಾತ್ರ ಒಂದಿಷ್ಟೂ ಅಲುಗಲಿಲ್ಲ.